ನಂಬರು ಹೊತ್ತುಕೊಂಡು ಹೋದವರು

“ಇನ್ಮೇಲೆ ಯಾರನ್ನೂ ಏನೂ ಕೇಳೋ ಹಾಗಿಲ್ಲ, ಸಾಬ್ರೇ. ಎಲ್ಲಾ ಇದರಲ್ಲೇ ಇದೆ,” ಎನ್ನುತ್ತ ಜನಾರ್ದನ ನಕ್ಷೆಯನ್ನು ಕೌಂಟರಿನ ಮೇಲೆ ಬಿಡಿಸಿದ. ಅದು ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ನಾಲ್ಕು ತೂಕದ ಕಲ್ಲು ಇಟ್ಟ.

ನಸರುಲ್ಲಾ ಕೈಯಲ್ಲಿದ್ದ ಸೆಣಬಿನ ಹಗ್ಗ ಬಿಟ್ಟು ಬಂದು ಬಗ್ಗಿ ನೋಡಿದ. ನೀಲಿ ಶಾಯಿಯಲ್ಲಿ ರಸ್ತೆ, ಕೆಂಪು ಶಾಯಿಯಲ್ಲಿ ಮನೆ. ಭದ್ರಾವತಿಯ ಇಡೀ ನ್ಯೂ ಟೌನು ಒಂದು ಹಾಳೆಯಲ್ಲಿ ಅಂಗಾತ ಮಲಗಿತ್ತು. ಒಂದರಿಂದ ಮುನ್ನೂರ ಹನ್ನೆರಡರವರೆಗೆ ಮನೆಗಳು, ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು, ಶಾಲೆ ಮಕ್ಕಳು ಕೈಕಟ್ಟಿ ಸಾಲಾಗಿ ನಿಂತ ಹಾಗೆ. ನಸರುಲ್ಲಾನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಆ ಅಂಕಿಗಳನ್ನು ನೋಡಿದ್ದೇ ತಡ, ಅವನ ಎದೆ ಧಸಕ್ಕೆಂದಿತು.

ಷಡಕ್ಷರಪ್ಪನವರ ಪಾರ್ಸೆಲ್ ಸರ್ವೀಸಿನ ದೊಡ್ಡ ಆಫೀಸು ಇದ್ದದ್ದು ಶಿವಮೊಗ್ಗದಲ್ಲಿ. ಅಲ್ಲಿಂದ ದಿನಾ ಬೆಳಿಗ್ಗೆ ಎಂಟರ ಬಸ್ಸಿನ ಟಾಪಿನ ಮೇಲೆ ಗಂಟುಮೂಟೆಗಳು ಭದ್ರಾವತಿಗೆ ಬರುತ್ತಿದ್ದವು. ಬಸ್ ಸ್ಟ್ಯಾಂಡಿನ ಪಕ್ಕದ ಈ ಒಂಟಿ ಕೋಣೆಯಿಂದ ಅವನ್ನು ನ್ಯೂ ಟೌನಿನ ಮನೆಮನೆಗೆ ಸೈಕಲ್ಲಿನಲ್ಲಿ ಮುಟ್ಟಿಸುವ ಕೆಲಸ ಹನ್ನೊಂದು ವರ್ಷದಿಂದ ನಸರುಲ್ಲಾನದು. ಮೂವತ್ತು ಪಾರ್ಸೆಲ್ ಕೊಟ್ಟು ಬರಲು ಅವನಿಗೆ ಐದು ಗಂಟೆ ಬೇಕು, ಒಮ್ಮೊಮ್ಮೆ ಆರು. ಹೋದ ಮನೆಯಲ್ಲೆಲ್ಲ ಜಗಲಿಯ ಮೇಲೆ ಕೂರಬೇಕು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎಮ್ಮೆ ಕರು ಹಾಕಿತು ಎಂದು ವಿಚಾರಿಸಬೇಕು. ಪಾರ್ಸೆಲ್ ತಪ್ಪಿದ್ದು ಒಂದೂ ಇಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟಿದ್ದೂ ಅಷ್ಟಕ್ಕಷ್ಟೆ. ಬೇಸತ್ತ ಷಡಕ್ಷರಪ್ಪನವರು ಬಿ.ಕಾಂ. ಮುಗಿಸಿದ್ದ ಜನಾರ್ದನನನ್ನು ಮ್ಯಾನೇಜರ್ ಮಾಡಿ ಕಳಿಸಿದರು. ಅವರ ಅಪ್ಪಣೆಯಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಒಂದು ವಾರ ನಕ್ಷೆ ನೋಡಿಕೊಂಡು ಪಾರ್ಸೆಲ್ ಹಂಚಬೇಕು. ಸರಿಹೋದರೆ ಈ ಕೆಲಸಕ್ಕೆ ಯಾರು ಬೇಕಾದರೂ ಆದೀತು, ನಸರುಲ್ಲಾ ಶಿವಮೊಗ್ಗದ ಗೋಡೌನಿಗೆ ಬರತಕ್ಕದ್ದು.

ಗೋಡೌನು ಎಂದರೆ ಕತ್ತಲೆ, ಮೆಣಸಿನಕಾಯಿ ಮೂಟೆ, ಹಗಲೆಲ್ಲ ಸೀನು. ಮನುಷ್ಯರ ಮುಖ ಕಾಣಬೇಕಾದರೆ ಬಾಗಿಲವರೆಗೆ ನಡೆದು ಬರಬೇಕು. ಐವತ್ತೆರಡು ವರ್ಷದ ಗಂಡಸು ಅಳಬಾರದು, ನಿಜ. ಆದರೆ ಅದನ್ನು ನೆನೆದಾಗಲೆಲ್ಲ ನಸರುಲ್ಲಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಈಗ ಎದೆ ಧಸಕ್ಕೆಂದದ್ದು ಮಾತ್ರ ಬೇರೆ ಕಾರಣಕ್ಕೆ. ಕಾರ್ಖಾನೆಯ ಊರಲ್ಲಿ ಬಡ್ತಿ ಸಿಕ್ಕಿತೆಂದರೆ ಮನೆಯೂ ದೊಡ್ಡದಾಗುತ್ತದೆ. ಜನ ಚಿಕ್ಕ ಕ್ವಾರ್ಟರ್ಸಿನಿಂದ ದೊಡ್ಡದಕ್ಕೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ ಗಂಟುಕಟ್ಟುತ್ತಲೇ ಇರುತ್ತಾರೆ. ಆರು ವರ್ಷದ ಹಿಂದೆ ಸಾವಿತ್ರಮ್ಮನವರ ಗಂಡ ಫೋರ್‌ಮನ್ ಆದಾಗ ಅವರು ತೊಂಬತ್ತಮೂರನೇ ನಂಬರಿನಿಂದ ಆಸ್ಪತ್ರೆ ಕಡೆಯ ದೊಡ್ಡ ಮನೆಗೆ ಹೋದರು. ಆ ತಿಂಗಳೇ ಅವರ ತವರಿನಿಂದ ಅಂಚೆಯಲ್ಲಿ ಬಂದ ಕರ್ಜೀಕಾಯಿ ಡಬ್ಬ ಹಳೇ ಮನೆಗೆ ಹೋಯಿತು. ಅಲ್ಲಿಗೆ ಹೊಸದಾಗಿ ಬಂದವರು ಅಷ್ಟನ್ನೂ ತಿಂದು, ಡಬ್ಬ ತೊಳೆದು ಒರೆಸಿ ವಾಪಸು ಕೊಟ್ಟಿದ್ದರು. ಸಾವಿತ್ರಮ್ಮ ಬೀದಿಗೆಲ್ಲ ಕೇಳುವ ಹಾಗೆ ರಂಪ ಮಾಡಿದ್ದರು.

“ಅಕ್ಕಾ, ಒರಳುಕಲ್ಲನ್ನೇ ಹೊತ್ಕೊಂಡ್ ಬಂದಿದ್ದೀರಿ, ನಂಬರ್ ಯಾಕೆ ಅಲ್ಲಿ ಬಿಟ್ ಬಂದ್ರಿ?” ಎಂದು ಸಮಾಧಾನ ಹೇಳಿದವನು ನಸರುಲ್ಲಾನೇ. “ಅದನ್ನೂ ಕಿತ್ಕೊಂಡ್ ಬನ್ನಿ. ನೀವು ಎಲ್ಲಿದ್ರೂ ತೊಂಬತ್ತಮೂರೇ. ನಿಮ್ಮ ಊರವರಿಗೆ ಅಡ್ರೆಸ್ ಬದಲಾಯ್ತು ಅಂತ ಕಾಗದ ಬರೆಯೋ ಕಷ್ಟಾನೂ ಇಲ್ಲ.”

ಜಗಲಿಯ ಒಳಗೆ ಬಾಗಿಲ ಚೌಕಟ್ಟಿಗೆ ಎರಡು ಮೊಳೆ ಹೊಡೆದ ತಗಡಿನ ನಂಬರು. ಕೀಳಲು ಎಷ್ಟು ಹೊತ್ತು? ಸಾವಿತ್ರಮ್ಮ ತಂದರು. ಅವರನ್ನು ನೋಡಿ ಪಕ್ಕದವರು ತಂದರು. ಆಮೇಲೆ ಮನೆ ಬದಲಿಸುವಾಗ ದೇವರ ಪಟದ ಜೊತೆಗೆ ನಂಬರನ್ನೂ ಬಟ್ಟೆಯಲ್ಲಿ ಸುತ್ತಿ ಒಯ್ಯುವುದೇ ನ್ಯೂ ಟೌನಿನ ರೂಢಿಯಾಯಿತು. ಪೋಸ್ಟ್‌ಮನ್ನನೂ ಒಗ್ಗಿಕೊಂಡ. ಕಾರ್ಖಾನೆಯವರ ಲೆಕ್ಕ ಅವರ ಕಡತದಲ್ಲಿ ಸರಿಯಾಗೇ ಇತ್ತು. ಅದನ್ನೇ ನೋಡಿ ಜನಾರ್ದನ ನಕ್ಷೆ ಬರೆದುಕೊಂಡಿದ್ದ. ನಿಜವಾದ ನ್ಯೂ ಟೌನಿನಲ್ಲಿ ಮಾತ್ರ ಹನ್ನೆರಡರ ಪಕ್ಕ ಇನ್ನೂರೆಂಟಿತ್ತು, ಇನ್ನೂರೆಂಟರ ಎದುರು ಎಪ್ಪತ್ತಿತ್ತು. ಯಾವುದು ಎಲ್ಲಿದೆ ಎನ್ನುವುದು ಪಾರ್ಸೆಲ್ ಆಫೀಸಿನಲ್ಲಿ ನಸರುಲ್ಲಾನ ತಲೆಯೊಳಗೆ ಮಾತ್ರ ಇತ್ತು.

“ಹೇಗಿದೆ ಸಾಬ್ರೇ?” ಜನಾರ್ದನ ಕೇಳಿದ.

ಹೇಳಿಬಿಡಬೇಕೆಂದು ನಸರುಲ್ಲಾ ಬಾಯಿ ತೆರೆದ. ಹೇಳಿದರೆ ನಕ್ಷೆ ತಿದ್ದುತ್ತಾನೆ, ತಿದ್ದಿದ ನಕ್ಷೆ ಸರಿಹೋಗುತ್ತದೆ, ತಾನು ಗೋಡೌನಿಗೆ. ಹೇಳದಿದ್ದರೆ ನಾಳೆಯೇ ನಕ್ಷೆಯ ಬಣ್ಣ ಬಯಲಾಗುತ್ತದೆ.

“ಚೆನ್ನಾಗಿದೆ ಸಾರ್,” ಎಂದ. “ಶಾಯಿ ಬಹಳ ಚೆನ್ನಾಗಿದೆ.”

ಸೋಮವಾರ ಜನಾರ್ದನನೇ ಸೈಕಲ್ ಹತ್ತಿದ. ಕ್ಯಾರಿಯರಿನ ಮೇಲೆ, ಹ್ಯಾಂಡಲ್ಲಿನ ಚೀಲದಲ್ಲಿ ಒಟ್ಟು ಮೂವತ್ತನಾಲ್ಕು ಪಾರ್ಸೆಲ್ಲು. ಬೀದಿಯ ತುದಿಯಿಂದ ಮನೆ ಎಣಿಸುವುದು, ಗೇಟಿನ ಮುಂದೆ ಒಂದು ಕಾಲೂರಿ “ಪಾರ್ಸೆಲ್!” ಎಂದು ಕೂಗುವುದು, ಬಂದವರ ಕೈಗೆ ಕೊಟ್ಟು ರುಜು ಹಾಕಿಸಿಕೊಂಡು ಮುಂದಕ್ಕೆ ತುಳಿಯುವುದು. ಜಗಲಿಯನ್ನು ಹತ್ತಿದ್ದರೆ ತಗಡಾದರೂ ಕಾಣುತ್ತಿತ್ತು. ಹತ್ತಬಾರದು ಎಂಬುದೇ ಅವನ ಹೊಸ ಪದ್ಧತಿಯ ಮೊದಲ ನಿಯಮ. ಇನ್ನು ನ್ಯೂ ಟೌನಿನವರೋ, ಯಾರ ಪಾರ್ಸೆಲ್ಲಾದರೂ ಕೈನೀಡಿ ಇಸಕೊಳ್ಳುವ ಜನ. ಗಂಡಸರು ಶಿಫ್ಟಿಗೆ ಹೋಗಿರುತ್ತಾರೆ, ಹೆಂಗಸರು ಸಂತೆಗೆ ಹೋಗಿರುತ್ತಾರೆ, ಅಕ್ಕಪಕ್ಕದವರದನ್ನು ತೆಗೆದಿಟ್ಟುಕೊಳ್ಳುವುದು ಅಲ್ಲಿ ಹೊಸದೇನಲ್ಲ. ಒಬ್ಬರೂ ತಕರಾರು ಮಾಡಲಿಲ್ಲ.

ಒಂದೂಮುಕ್ಕಾಲು ಗಂಟೆಯಲ್ಲಿ ಜನಾರ್ದನ ವಾಪಸು ಬಂದ. ಮುಖ ಬೆವರಿ ಹೊಳೆಯುತ್ತಿತ್ತು.

“ನೋಡಿದ್ರಾ ಸಾಬ್ರೇ! ನೀವೇನೂ ಚಿಂತೆ ಮಾಡ್ಬೇಡಿ. ಗೋಡೌನಲ್ಲಿ ನಿಮಗೆ ಕೂತು ಮಾಡೋ ಕೆಲಸಾನೇ ಕೊಡ್ಸ್ತೀನಿ. ಯಜಮಾನ್ರ ಹತ್ರ ನಾನೇ ಮಾತಾಡ್ತೀನಿ. ನಿಮ್ಮ ಮಂಡಿ ನೋವಿಗೂ ಆರಾಮ.”

ಹುಡುಗ ಸೊಕ್ಕಿನವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇವನು ಮಂಡಿ ನೋವನ್ನು ನೆನಪಿಟ್ಟುಕೊಂಡಿದ್ದ. ನಸರುಲ್ಲಾ ತಲೆ ತಗ್ಗಿಸಿಕೊಂಡು ಹಗ್ಗದ ಗಂಟು ಬಿಚ್ಚಿದ, ಮತ್ತೆ ಕಟ್ಟಿದ.

ಅಂದು ಸಂಜೆ ಮನೆಯಲ್ಲಿ ಹೆಂಡತಿ ರೋಶನ್ ಬೀ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಅಂದ್ರೆ ಹಳ್ಳ ಇದೆ ಅಂತ ಗೊತ್ತಿದ್ದೂ ಆ ಮಗೂನ ಸೈಕಲ್ ಮೇಲೆ ಕೂರಿಸಿ ದಬ್ಬಿದ್ರಿ,” ಎಂದಳು.

“ನಾನೆಲ್ಲಿ ದಬ್ಬಿದೆ? ಸುಮ್ನಿದ್ದೆ ಅಷ್ಟೆ.”

“ಹನ್ನೊಂದು ವರ್ಷದಿಂದ ಮನೇಲಿ ಒಂದು ಗಳಿಗೆ ಸುಮ್ನಿದ್ದವರಲ್ಲ ನೀವು. ಇವತ್ತೇ ಬೇಕಿತ್ತಾ ಈ ಮೌನ?” ರೋಶನ್ ಬೀ ಮೊರ ಕೊಡವಿ ಒಳಗೆ ಹೋದಳು. ನಸರುಲ್ಲಾನಿಗೆ ಆ ದಿನ ಊಟ ರುಚಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವ ಮೊದಲೇ ಇಬ್ಬರು ನಿಂತಿದ್ದರು. ಒಣಮೀನಿನ ಪೊಟ್ಟಣ ಮಡಿ ಹೆಂಗಸೊಬ್ಬರ ಮನೆ ಸೇರಿ, ಅವರು ಅದನ್ನು ಇಕ್ಕಳದಲ್ಲಿ ಎತ್ತಿ ಬೇಲಿಯ ಮೇಲೆ ಇಟ್ಟಿದ್ದರಂತೆ. ಮದುವೆಯಿಲ್ಲದ ಫಿಟ್ಟರ್ ಒಬ್ಬನಿಗೆ ತೊಟ್ಟಿಲ ಸರಪಳಿ, ಗೆಜ್ಜೆ, ಗಿಲಕಿ ಬಂದು, ಪಕ್ಕದ ಮನೆಯವರೆಲ್ಲ ಅವನನ್ನು ಒಂದು ಥರಾ ನೋಡುತ್ತಿದ್ದರಂತೆ. “ನಾನು ಯಾರಿಗೆ ಏನಂತ ಹೇಳ್ಲಿ ಮಾರಾಯ್ರೇ?” ಎಂದು ಅವನು ಗೋಳಾಡಿದ. ನಸರುಲ್ಲಾನಿಗೆ ನಗು ಉಕ್ಕಿ ಬಂದು, ಕೆಮ್ಮಿದ ಹಾಗೆ ಮಾಡಿ ಗೋಡೆಯ ಕಡೆ ತಿರುಗಿದ.

ಅಷ್ಟರಲ್ಲಿ ಸಾವಿತ್ರಮ್ಮ ಬಂದರು. ಅವರ ಮುಖ ನೋಡಿದ ಕೂಡಲೇ ಅವನ ನಗು ಹೊರಟುಹೋಯಿತು.

“ಸಾಬ್ರೇ, ನಮ್ಮ ಹುಡುಗಿ ಸೀತಳ ಧಾರೆ ಸೀರೆ ಬಂತಾ? ಕುಚ್ಚು ಕಟ್ಟಿ ಕಳಿಸ್ತೀವಿ ಅಂದಿದ್ರು ಶಿವಮೊಗ್ಗದ ಅಂಗಡಿಯೋರು. ನಿನ್ನೇನೇ ಕಳಿಸಿದ್ದೀವಿ ಅಂತಾರೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮುಹೂರ್ತ ಸಾಬ್ರೇ.”

ಜನಾರ್ದನ ಅವಸರದಿಂದ ರಸೀತಿ ಪುಸ್ತಕ ತಿರುವಿದ. ತೊಂಬತ್ತಮೂರನೇ ನಂಬರು, ಒಂದು ಸೀರೆ ಪಾರ್ಸೆಲ್, ತಲುಪಿದೆ. ಪಕ್ಕದಲ್ಲಿ ತಮಿಳಿನಲ್ಲಿ ಒಂದು ರುಜು.

“ನಮ್ಮನೇಲಿ ತಮಿಳು ಯಾರಿಗೆ ಬರುತ್ತಪ್ಪಾ?” ಎಂದು ಸಾವಿತ್ರಮ್ಮ ಜನಾರ್ದನನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಸರುಲ್ಲಾನ ಕಡೆ ತಿರುಗಿ, “ನೀವಿದ್ದೂ ಹಿಂಗಾಯ್ತಾ ಸಾಬ್ರೇ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಜನಾರ್ದನ ಕುರ್ಚಿಯಲ್ಲಿ ಕುಸಿದ. “ನನ್ನದೇ ತಪ್ಪು. ಎಲ್ಲೋ ಎಣಿಕೆ ತಪ್ಪಿದೆ. ಅಮ್ಮಾ, ಹೇಗಾದ್ರೂ ಹುಡುಕಿ ತರ್ತೀನಿ. ಆಮೇಲೆ ಯಜಮಾನ್ರಿಗೆ ಕಾಗದ ಬರೆದು ಕೆಲಸ ಬಿಟ್ಟು ಹೋಗ್ತೀನಿ.”

“ನಿಮ್ಮ ಎಣಿಕೆ ತಪ್ಪಿಲ್ಲ ಸಾರ್,” ಎಂದ ನಸರುಲ್ಲಾ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. “ನೀವು ಸರಿಯಾಗೇ ಎಣಿಸಿದ್ದೀರಿ. ಅಲ್ಲಿ ಮನೆಗಳೇ ಸರಿಯಿಲ್ಲ. ಜನ ನಂಬರ್ ಕಿತ್ಕೊಂಡು ಹೋಗ್ತಾರೆ. ಹಾಗೆ ಮಾಡಿ ಅಂತ ಹೇಳ್ಕೊಟ್ಟವನು ನಾನೇ. ನಕ್ಷೆ ನೋಡಿದ ದಿನಾನೇ ನನಗೆ ಗೊತ್ತಿತ್ತು. ಮನೆಮನೆಗೆ ಹೋಗೋ ನನ್ನ ಕೆಲಸ ಉಳೀಲಿ ಅಂತ ಬಾಯಿ ಮುಚ್ಕೊಂಡಿದ್ದೆ. ಮದುವೆ ಸೀರೆ ಅಂತ ಗೊತ್ತಿರಲಿಲ್ಲ ಅಕ್ಕಾ, ಅಲ್ಲಾನ ಆಣೆಗೂ ಗೊತ್ತಿರಲಿಲ್ಲ.”

ಜನಾರ್ದನ ನಕ್ಷೆ ನೋಡಿದ, ನಸರುಲ್ಲಾನನ್ನು ನೋಡಿದ. ಅವನ ಮುಖ ಮೊದಲು ಕೆಂಪಾಯಿತು.

“ನಂಬರ್ ಕಿತ್ಕೊಂಡು?”

“ಹೂಂ ಸಾರ್.”

“ಮುನ್ನೂರ ಹನ್ನೆರಡೂ?”

“ಎಲ್ಲಾ ಇಲ್ಲ ಸಾರ್. ಇಪ್ಪತ್ತೈದು ಮನೆಯೋರು ಹಾಗೇ ಇದ್ದಾರೆ. ಬಡ್ತಿ ಸಿಕ್ಕಿಲ್ಲ ಪಾಪ.”

ಜನಾರ್ದನನಿಗೆ ಏನಾಯಿತೋ, ತಡೆಯಲಾರದೆ ನಗತೊಡಗಿದ. ಸಾವಿತ್ರಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು, “ನಗೋ ಹೊತ್ತಾ ಇದು? ನನ್ನ ಸೀರೆ ಎಲ್ಲಿ?” ಎಂದು ಗದರಿದರು. ಆಮೇಲೆ ನಗು ನಿಲ್ಲಿಸಿದ ಜನಾರ್ದನ ನಸರುಲ್ಲಾನತ್ತ ನೆಟ್ಟಗೆ ನೋಡಿ, “ನೀವು ಮಾಡಿದ್ದು ಒಳ್ಳೇದಲ್ಲ ಸಾಬ್ರೇ,” ಎಂದ. ನಸರುಲ್ಲಾ ಹೌದೆಂದು ತಲೆಯಾಡಿಸಿದ.

“ಬನ್ನಿ, ಸೀರೆ ಎಲ್ಲಿದೆ ಅಂತ ನನಗೆ ಗೊತ್ತು,” ಎಂದ. “ನಿಮ್ಮ ನಕ್ಷೆ ಲೆಕ್ಕದಲ್ಲಿ ತೊಂಬತ್ತಮೂರು ಅಂದ್ರೆ ಕ್ರೇನ್ ಡ್ರೈವರ್ ಅಂಗಮುತ್ತು ಈಗಿರೋ ಮನೆ. ಅವನ ನಂಬರ್ ನಲವತ್ತೊಂದು. ನೀವು ತಪ್ಪು ಮಾಡಿದ್ದೂ ಸರಿಯಾಗೇ ಮಾಡಿದ್ದೀರಿ ಸಾರ್. ಎಲ್ಲಿ ಏನು ಕೊಟ್ಟಿದ್ದೀರಿ ಅಂತ ನಿಮ್ಮ ನಕ್ಷೆ ಹೇಳುತ್ತೆ, ಅದು ಯಾರದು ಅಂತ ನಾನು ಹೇಳ್ತೀನಿ.”

ಹೀಗೆ ಇಬ್ಬರೂ ಎರಡು ಸೈಕಲ್ಲಿನಲ್ಲಿ ಹೊರಟರು. ಸಾವಿತ್ರಮ್ಮನನ್ನು ಜಟಕಾದಲ್ಲಿ ಕೂರಿಸಿದ್ದಾಯಿತು. ಅಂಗಮುತ್ತುವಿನ ಹೆಂಡತಿ ಬಾಗಿಲಲ್ಲೇ ನಕ್ಕಳು.

“ಬಾ ಭಾಯ್. ನೀ ಬರ್ತೀಯ ಅಂತ ಗೊತ್ತು. ಈ ತಂಬಿ ಕೊಟ್ಟಾಗಲೇ ಅಂದ್ಕೊಂಡೆ, ಇದು ನಮ್ದಲ್ಲ, ಭಾಯ್ ಬಂದು ಕೇಳ್ತಾನೆ ಅಂತ.”

ಟ್ರಂಕಿನಿಂದ ಅವಳು ತೆಗೆದ ಪೊಟ್ಟಣದ ದಾರವೂ ಬಿಚ್ಚಿರಲಿಲ್ಲ. ಸಾವಿತ್ರಮ್ಮ ಅಲ್ಲೇ ಕೂತು ಪೊಟ್ಟಣ ಬಿಚ್ಚಿ, ಕುಚ್ಚುಗಳನ್ನು ಒಂದೊಂದಾಗಿ ಸವರಿ ನೋಡಿದರು. ಆಮೇಲೆ ಅಂಗಮುತ್ತುವಿನ ಹೆಂಡತಿಯ ಕೈ ಹಿಡಿದುಕೊಂಡು, ನಾಳೆ ಮದುವೆಗೆ ಬರದಿದ್ದರೆ ನೋಡು ಎಂದು ಆಣೆ ಹಾಕಿಸಿಕೊಂಡರು.

ಉಳಿದ ಮನೆಗಳಲ್ಲೂ ಅದೇ ಕಥೆ. ಎಲ್ಲರೂ ಪಾರ್ಸೆಲ್ಲನ್ನು ಬಿಚ್ಚದೆ ಎತ್ತಿಟ್ಟಿದ್ದರು, ನಸರುಲ್ಲಾ ಬರುತ್ತಾನೆಂದು ಕಾದಿದ್ದರು. ತೊಟ್ಟಿಲ ಸರಪಳಿ ಬಂದವನು ಮಾತ್ರ ಪಾಪ ಬಿಚ್ಚಿ ನೋಡಿದ್ದ. ಮೂರನೇ ಬೀದಿಯಲ್ಲಿ ಜನಾರ್ದನ ಹಿಂದಿನ ದಿನದಂತೆ “ಪಾರ್ಸೆಲ್!” ಎಂದು ಕೂಗಲು ಬಾಯಿ ತೆರೆದಾಗ ನಸರುಲ್ಲಾ ಥಟ್ಟನೆ ಅವನ ತೋಳು ಹಿಡಿದ.

“ಶ್! ಈ ಕಡೆ ಏಳೂ ಮನೆಯೋರು ಈ ವಾರ ನೈಟ್ ಶಿಫ್ಟು. ಈಗ ಮಲಗಿರ್ತಾರೆ. ಹಿಂದಿನ ಬಾಗಿಲಿಗೆ ಹೋಗ್ಬೇಕು, ಅಮ್ಮಂದಿರು ಅಲ್ಲಿ ಪಾತ್ರೆ ತೊಳೀತಿರ್ತಾರೆ.”

ಒಂದು ಕಿಟಕಿ ತೆರೆದುಕೊಂಡಿತು. ಕೆಂಗಣ್ಣಿನ ಗಡ್ಡದವನೊಬ್ಬ ಜನಾರ್ದನನನ್ನು ಗುರುತಿಸಿ, “ನಿನ್ನೆ ಕೂಗಿ ಎಬ್ಬಿಸಿದ್ದು ನೀನೇ ಅಲ್ವೇನಯ್ಯಾ? ಒಂದು ಕಣ್ಣು ನಿದ್ದೆ ಇಲ್ದೆ ಕುಲುಮೆ ಮುಂದೆ ನಿಂತಿದ್ದೆ ಮಾರಾಯ,” ಎಂದು ಗೊಣಗಿ ಕಿಟಕಿ ಮುಚ್ಚಿದ. ಜನಾರ್ದನ ನಾಲಿಗೆ ಕಚ್ಚಿಕೊಂಡ. ಅಲ್ಲಿಂದ ಮುಂದೆ ಅವನು ನಸರುಲ್ಲಾನ ಹಿಂದೆ ಹಿಂದೆ ಮೆಲ್ಲಗೆ ನಡೆದ. ಯಾವ ಮನೆಯ ಮುದುಕಿಗೆ ಕಿವಿ ಕೇಳುವುದಿಲ್ಲ, ಯಾವ ನಾಯಿಯ ಬೊಗಳಾಟ ಬರೀ ಬಾಯಲ್ಲಿ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಎಲ್ಲವನ್ನೂ ನೋಡುತ್ತ ಹೋದ. ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಮೂವತ್ತನಾಲ್ಕೂ ಪಾರ್ಸೆಲ್ಲು ಸರಿಯಾದ ಮನೆ ಸೇರಿದ್ದವು.

ಆಫೀಸಿಗೆ ಬಂದ ಮೇಲೆ ನಸರುಲ್ಲಾ ಕೈಕಾಲು ತೊಳೆದು ಕೌಂಟರಿನ ಮುಂದೆ ನಿಂತ.

“ಸಾರ್, ಹಸಿರು ಶಾಯಿ ಇದೆಯಾ?”

“ಇದೆ. ಯಾಕೆ?”

“ಬರೀರಿ. ನಕ್ಷೆ ನಂಬರ್ ಒಂದರಲ್ಲಿ ಈಗ ಇರೋದು ನೂರ ಎಪ್ಪತ್ತು. ಎರಡರಲ್ಲಿ ಮೂವತ್ತೊಂಬತ್ತು. ಮೂರರಲ್ಲಿ ಮೂರೇ, ಬಡ್ತಿ ಸಿಕ್ಕಿಲ್ಲ.”

ಜನಾರ್ದನ ಪೆನ್ನು ಎತ್ತಿಕೊಂಡವನು ಹಾಗೇ ಕೂತ. “ಸಾಬ್ರೇ, ಇದನ್ನ ಬರೆದ್ಮೇಲೆ...”

“ಗೊತ್ತು ಸಾರ್. ಬರೆದ್ಮೇಲೆ ನಾನು ಬೇಡ. ನೀವು ಬರ್ಕೊಳ್ಳಿ. ಆ ಅಕ್ಕನ ಕಣ್ಣೀರು ನೋಡಿದ್ದು ನನಗೆ ಸಾಕು.”

ಮಂಗಳವಾರ, ಬುಧವಾರ, ಗುರುವಾರ, ಬಿಡುವಾದಾಗಲೆಲ್ಲ ಹಸಿರು ಶಾಯಿ ಓಡಿತು. ಬುಧವಾರ ಇಬ್ಬರೂ ಸೀತಳ ಮದುವೆಗೆ ಹೋಗಿ ಉಂಡು ಬಂದು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ನೂರಾ ಹತ್ತರಿಂದ ನೂರಾ ನಲವತ್ತರವರೆಗೆ ಮುಗಿಸಿದರು. ಒಂದೊಂದು ನಂಬರು ಹೇಳಿದಾಗಲೂ ನಸರುಲ್ಲಾನಿಗೆ ಒಂದೊಂದು ಮನೆಯ ಬಾಗಿಲು ಮುಚ್ಚಿದ ಹಾಗಾಗುತ್ತಿತ್ತು. ಆದರೂ ಹೇಳಿದ, ಒಂದನ್ನೂ ಬಚ್ಚಿಡಲಿಲ್ಲ. ಶುಕ್ರವಾರ ನಮಾಜು ಮುಗಿಸಿಕೊಂಡು ಬಂದು ಮುನ್ನೂರ ಹನ್ನೆರಡನೆಯದನ್ನೂ ಹೇಳಿದ. ಬೆಳಗಿನ ಹೊತ್ತು ಇಬ್ಬರೂ ಒಟ್ಟಿಗೆ ಹೋಗಿ ಪಾರ್ಸೆಲ್ ಹಂಚುತ್ತಿದ್ದರು. ನಕ್ಷೆ ನೋಡಿ ಬೀದಿಗಳನ್ನು ಸಾಲಾಗಿ ಹಿಡಿದು ಹೋದದ್ದರಿಂದ ಎಲ್ಲಾ ಮೂರು ಗಂಟೆಯಲ್ಲಿ ಮುಗಿಯುತ್ತಿತ್ತು, ಅದೂ ಜಗಲಿಯ ಮಾತು ಸೇರಿ.

ಶನಿವಾರ ಹನ್ನೊಂದೂವರೆಯ ಬಸ್ಸಿಗೆ ಷಡಕ್ಷರಪ್ಪನವರು ಬಂದಿಳಿದರು. ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಕೊಡೆ. ನಸರುಲ್ಲಾ ಬಾಗಿಲಲ್ಲಿ ಸೈಕಲ್ ಒರೆಸುತ್ತಿದ್ದ. ಅವನು ರಾತ್ರಿಯೇ ಮನಸ್ಸು ಗಟ್ಟಿಮಾಡಿಕೊಂಡಿದ್ದ, ಗೋಡೌನಿಗೆ ಹೋಗಲು ರೋಶನ್ ಬೀ ಒಂದು ಹಳೇ ಸೀರೆ ಹರಿದು ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನೂ ಹೊಲಿದಿದ್ದಳು.

“ಏನಯ್ಯಾ ಮ್ಯಾನೇಜರ್ರೇ, ಹೇಗಾಯ್ತು ನಿನ್ನ ನಕ್ಷೆ?” ಎನ್ನುತ್ತ ಷಡಕ್ಷರಪ್ಪನವರು ಬೆಂಚಿನ ಮೇಲೆ ಕೂತರು. “ತೆಗಿ ನೋಡೋಣ.”

“ಕೆಲಸ ಈಗ ಮೂರು ಗಂಟೇಲಿ ಮುಗೀತಿದೆ ಸಾರ್. ಒಂದೂ ತಪ್ಪಿಲ್ಲ,” ಎಂದ ಜನಾರ್ದನ. “ಆದ್ರೆ ನಕ್ಷೆ ಇನ್ನೂ ಮುಗಿದಿಲ್ಲ.”

ನಸರುಲ್ಲಾನ ಕೈಯಲ್ಲಿದ್ದ ಬಟ್ಟೆ ಚಕ್ರದ ಕಡ್ಡಿಗಳ ನಡುವೆ ನಿಂತಿತು.

“ಮುಗಿದಿಲ್ಲ ಅಂದ್ರೆ?”

“ಆ ನ್ಯೂ ಟೌನು ಸುಲಭವಾಗಿ ಹಾಳೆಗೆ ಇಳಿಯೋ ಊರಲ್ಲ ಸಾರ್. ಇವತ್ತು ಇದ್ದ ಹಾಗೆ ನಾಳೆ ಇರಲ್ಲ. ಸಾಬ್ರು ಜೊತೇಲಿದ್ರೆ ಮಾತ್ರ ಆಗುತ್ತೆ.”

“ಎಷ್ಟು ದಿನ ಬೇಕು?”

“ಹೇಳಕ್ಕಾಗಲ್ಲ ಸಾರ್. ಐದಾರು ವರ್ಷ ಹಿಡೀಬಹುದು.”

ಷಡಕ್ಷರಪ್ಪನವರು ಮೀಸೆ ತೀಡಿದರು. ಮೂರು ಗಂಟೆ, ಒಂದೂ ತಪ್ಪಿಲ್ಲ, ಇನ್ನೇನು ಬೇಕು ಎಂದು ಅವರಿಗೂ ಅನ್ನಿಸಿರಬೇಕು. “ಹಾಗಾದ್ರೆ ಮುಗಿಯೋವರೆಗೆ ನಸರುಲ್ಲಾ ಇಲ್ಲೇ ಇರ್ಲಿ ಬಿಡು,” ಎಂದು ಎದ್ದರು. ಹನ್ನೆರಡರ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು. ಬಾಗಿಲವರೆಗೆ ಹೋದವರು ತಿರುಗಿ ನೋಡಿ ಹುಬ್ಬು ಗಂಟಿಕ್ಕಿದರು. “ಏನಯ್ಯಾ, ಯಜಮಾನ ಹೊರಟಿದ್ದಾನೆ, ಎದ್ದು ನಿಲ್ಲೋದೂ ಇಲ್ವಾ? ಇದೇ ಏನು ಕಾಲೇಜಲ್ಲಿ ಕಲ್ತಿದ್ದು?”

“ಕ್ಷಮಿಸಿ ಸಾರ್, ಕಾಲು ಜೋಮು ಹಿಡಿದಿದೆ,” ಎಂದು ಜನಾರ್ದನ ಕೂತಲ್ಲೇ ಕೈಮುಗಿದ.

ಷಡಕ್ಷರಪ್ಪನವರು ಗೊಣಗುತ್ತ ಹೊರಟರು. ನಸರುಲ್ಲಾ ಕಣ್ಣು ಒರೆಸಿಕೊಂಡು ಒಳಗೆ ನೋಡಿದ. ಜನಾರ್ದನ ಗಂಭೀರವಾಗಿ ರಸೀತಿ ಪುಸ್ತಕ ತಿರುವುತ್ತಿದ್ದ. ಕುರ್ಚಿಯ ಮೇಲೆ, ಅವನ ತೊಡೆಯ ಕೆಳಗಿನಿಂದ, ಕಾಗದದ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಅದರ ತುಂಬ ಹಸಿರು ಅಂಕಿಗಳಿದ್ದವು.